ರಸಮಟ್ಟನ ಮನೆಯ ಬಚ್ಚಲುಗೋಡೆ

ಬೀದಿಯವರೆಲ್ಲ ಅವನನ್ನು ಕರೆಯುವುದು ರಸಮಟ್ಟ ಎಂದೇ. ರಸಮಟ್ಟ ಎಂದರೆ ಮೇಸ್ತ್ರಿಗಳ ಕೈಯಲ್ಲಿರುವ ಪಟ್ಟಿ. ಅದರ ಗಾಜಿನ ಕೊಳವೆಯೊಳಗೆ ಒಂದು ಗುಳ್ಳೆ ಓಡಾಡುತ್ತಿರುತ್ತದೆ; ನಡುವೆ ನಿಂತರೆ ಗೋಡೆ ನೆಟ್ಟಗಿದೆ, ಪಕ್ಕಕ್ಕೆ ಸರಿದರೆ ಸೊಟ್ಟಗಿದೆ. ಟೈಲ್ಸ್ ಕೂರಿಸುವ ಈ ಮನುಷ್ಯ ಅಂಥದ್ದೊಂದು ಗಿಡ್ಡ ಪಟ್ಟಿಯನ್ನು ಪೆನ್ನು ಸಿಕ್ಕಿಸಿಕೊಂಡ ಹಾಗೆ ಜೇಬಿಗೆ ಸಿಕ್ಕಿಸಿಕೊಂಡು ತಿರುಗುತ್ತಿದ್ದ. ಕ್ಷೌರದಂಗಡಿಯ ಕನ್ನಡಿ ವಾಲಿದೆ ಎಂದು ಮುಖದ ತುಂಬ ನೊರೆ ಹಚ್ಚಿಕೊಂಡೇ ಎದ್ದು ಅದನ್ನು ಸರಿಮಾಡಿ ಬಂದವನು. ಹಲ್ಲಿನ ಡಾಕ್ಟರು ಬಾಯಿ ತೆಗೆಯಿರಿ ಎಂದರೆ, 'ನಿಮ್ಮ ಸೀಲಿಂಗ್ ಎಡಕ್ಕೆ ಇಳಿದಿದೆ' ಎಂದು ಹೇಳುವುದಕ್ಕೇ ಬಾಯಿ ತೆಗೆದವನು.

ಇಂಥವನ ಸ್ವಂತ ಮನೆಯ ಬಚ್ಚಲಿಗೆ ಟೈಲ್ಸ್ ಇರಲಿಲ್ಲ. ಬರೀ ಸಿಮೆಂಟು. ಮೊಣಕೈ ತಗುಲಿದರೆ ಚರ್ಮ ಕಿತ್ತು ಬರಬೇಕು, ಅಷ್ಟು ಒರಟು. ಷವರ್ ಹಾಕಿಸಿದ ಮೇಲಂತೂ ಗೋಡೆ ನೀರು ಕುಡಿದೂ ಕುಡಿದೂ, ಆಚೆ ಕಡೆಯ ಮಲಗುವ ಕೋಣೆಯಲ್ಲಿ ಬೂಸಲು ಬಂದು, ಹೆಂಡತಿಯ ಸೀರೆಗಳೆಲ್ಲ ಹಳೇ ಗೋಣಿಚೀಲದ ವಾಸನೆ ಹೊಡೆಯತೊಡಗಿದವು. ಕೇಳಿದಾಗಲೆಲ್ಲ ಒಂದೇ ಉತ್ತರ: "ಮುಂದಿನ ವಾರ ಹಾಕ್ತೀನಿ ಕಣೇ."

ಸೋಮಾರಿತನ ಅಂದುಕೊಂಡರೆ ತಪ್ಪು. ಆ ಗೋಡೆ ಕಟ್ಟಿದವರು ಅವನ ಮಾವ. ಹಳೇ ಕಾಲದ ಗಾರೆ ಮೇಸ್ತ್ರಿ. ಮಗಳಿಗೆಂದು ತಮ್ಮ ಕೈಯಾರೆ ಕಟ್ಟಿಕೊಟ್ಟ ಬಚ್ಚಲು ಅದು. ಈಗ ಮಗಳ ಮನೆಯಲ್ಲೇ ಇದ್ದು, ಅದೇ ಬಚ್ಚಲಿನ ಎದುರಿಗೆ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ಗೋಡೆ ಮಾತ್ರ ಉಂಡು ಹಿಂದಕ್ಕೆ ಒರಗಿದ ದೊಡ್ಡಮನುಷ್ಯನ ಹಾಗೆ ವಾಲಿತ್ತು. ಅದು ಮಾವನಿಗೆ ಗೊತ್ತಿಲ್ಲ, ರಸಮಟ್ಟನಿಗೆ ಮೊದಲ ದಿನವೇ ಗೊತ್ತು. ಟೈಲ್ಸ್ ನೆಟ್ಟಗೆ ಹಾಕಬೇಕೆಂದರೆ ಮೇಲ್ಗಡೆ ಬೊಗಸೆಗಟ್ಟಲೆ ಸಿಮೆಂಟು ತುಂಬಬೇಕು. ಯಾಕಯ್ಯಾ ಅಷ್ಟು ಎಂದು ಮಾವ ಕೇಳದೆ ಬಿಡುವವರಲ್ಲ. ಗೋಡೆ ವಾಲಿದ ಹಾಗೇ ಹಾಕೋಣವೆಂದರೆ ಕೈ ಒಪ್ಪುವುದಿಲ್ಲ. ಮುದುಕನ ಮಾನ ಉಳಿಸಿದರೆ ತನ್ನ ಕಸುಬು ಹೋಗುತ್ತದೆ, ಕಸುಬು ಉಳಿಸಿದರೆ ಮುದುಕನ ಮುಖ ಬಾಡುತ್ತದೆ. ಈ ಸಂಕಟವನ್ನು ಯಾರ ಹತ್ತಿರ ಹೇಳಿಕೊಳ್ಳುವುದು, ಹೆಂಡತಿ ಹತ್ತಿರವೇ?

ಕೊನೆಗೆ ಹೆಂಡತಿಯೇ ಒಂದು ದಿನ ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತಳು. "ರೀ, ನಿಮ್ಮ ಮುಂದಿನ ವಾರ ನೀವೇ ಇಟ್ಕೊಳ್ಳಿ. ಅಂಗಡೀಲಿ ರೆಡಿಮೇಡ್ ಗೋಡೆ ಬಂದಿದೆ. ದೊಡ್ಡ ದೊಡ್ಡ ಪ್ಯಾನೆಲ್ಲು, ತಂದು ಅಂಟಿಸಿಬಿಟ್ರೆ ಆಯ್ತು. ಹೇಳಿ ಬಂದಿದೀನಿ."

"ಏನಂದೆ? ಟೈಲ್ಸ್ ಮೇಸ್ತ್ರಿ ಮನೇಗೆ ಪ್ಲಾಸ್ಟಿಕ್ ಗೋಡೆನಾ? ಜನ ಉಗೀತಾರೆ!"

"ಉಗೀಲಿ ಬಿಡಿ, ತೊಳ್ಕೊಳ್ಳೋಕೆ ಒಳ್ಳೇ ಬಚ್ಚಲಾದ್ರೂ ಇರುತ್ತಲ್ಲ."

ಮಾತು ಅಲ್ಲಿಗೆ ಮುಗಿಯಿತು. ಊರಿನ ನೆಲವನ್ನೆಲ್ಲ ಮಟ್ಟ ಮಾಡಿದವನನ್ನು ಮನೆಯಲ್ಲಿ ಮಟ್ಟ ಹಾಕುವವಳು ಅವಳೊಬ್ಬಳೇ.

ಪ್ಯಾನೆಲ್ಲು ಬಂದದ್ದು ಹಾಡಹಗಲಲ್ಲಿ. ಪೆಟ್ಟಿಗೆಯ ಮೇಲೆ ಮೊಳದುದ್ದದ ಅಕ್ಷರದಲ್ಲಿ 'ಟೈಲ್ಸ್ ಬೇಡ, ಮೇಸ್ತ್ರಿಯ ಕಾಟವೂ ಬೇಡ' ಎಂದು ಬರೆದಿತ್ತು. ಅದನ್ನು ಹೊತ್ತು ತಂದ ಫಿಟ್ಟರು ಮನೆ ಗೊತ್ತಾಗದೆ ಬೀದಿಯುದ್ದಕ್ಕೂ ಪ್ರತಿ ಬಾಗಿಲಲ್ಲೂ ನಿಂತು, "ಟೈಲ್ಸ್ ಮೇಸ್ತ್ರಿ ಮನೆ ಯಾವುದು?" ಎಂದು ಕೇಳಿಕೊಂಡೇ ಬಂದಿದ್ದ. ರಸಮಟ್ಟ ಬಾಗಿಲ ಹಿಂದೆ ನಿಂತು ಹಲ್ಲು ಕಡಿದ.

ಫಿಟ್ಟರು ಮೊದಲ ಹಲಗೆಯನ್ನು ಗೋಡೆಗೆ ತಾಗಿಸಿ ನೆಟ್ಟಗೆ ನಿಲ್ಲಿಸಿದ. ಕೆಳಗೆ ಕೂತಿತು, ಮೇಲೆ ಮುಷ್ಟಿ ತೂರುವಷ್ಟು ಸಂದು ಬಿಟ್ಟಿತು. ತಿರುಗಿಸಿ ಇಟ್ಟ, ಅದೇ ಸಂದು. "ಯಾರ್ರೀ ಕಟ್ಟಿದ್ದು ಈ ಗೋಡೆ?" ಎಂದು ಕೂಗಿದ.

"ನಾನಪ್ಪಾ!" ಎಂದು ಮಾವ ಕುರ್ಚಿಯಿಂದಲೇ ಎದೆ ಉಬ್ಬಿಸಿದರು. "ಆನೆ ಬಂದು ಒದ್ರೂ ಅಲ್ಲಾಡಲ್ಲ."

"ಆಗ್ಲೇ ಬಂದು ಒದ್ದು ಹೋಗಿರೋ ಹಾಗಿದೆ ಅಜ್ಜಾ. ಮೇಸ್ತ್ರಿಗಳೇ, ನಿಮ್ಮ ಜೇಬಲ್ಲಿರೋದು ಕೊಡಿ ಇಲ್ಲಿ, ನೋಡೇಬಿಡೋಣ."

ರಸಮಟ್ಟ ಜೇಬಿನ ಮೇಲೆ ಕೈ ಮುಚ್ಚಿಕೊಂಡ. "ಎಲ್ಲರ ಕೈಗೂ ಕೊಡೋದಲ್ಲ ಅದು."

"ಕೊಡ್ರೀ, ಏನು ಸವೆದು ಹೋಗುತ್ತಾ?" ಎಂದು ಹೆಂಡತಿಯೇ ಕಿತ್ತುಕೊಂಡು ಗೋಡೆಗೆ ನಿಲ್ಲಿಸಿದಳು. ಗುಳ್ಳೆ ಯಾರೋ ಅಟ್ಟಿಸಿಕೊಂಡು ಬಂದ ಹಾಗೆ ಕೊಳವೆಯ ತುದಿಗೆ ಓಡಿ ಅಲ್ಲೇ ಅವಿತುಕೊಂಡಿತು. ಮಾವ ಕುರ್ಚಿಯ ಕೈ ಹಿಡಿದು ಏಳತೊಡಗಿದರು. "ಏನಮ್ಮಾ? ಏನು ತೋರಿಸ್ತಿದೆ?"

"ಕೆಟ್ಟಿದೆ," ಎಂದ ರಸಮಟ್ಟ.

ಫಿಟ್ಟರು ಬಾಯಿ ಬಿಟ್ಟುಕೊಂಡು ನೋಡಿದ. "ಗೋಡೆನಾ?"

"ಗೋಡೆ ಯಾಕೆ ಕೆಡುತ್ತಯ್ಯಾ! ನನ್ನ ರಸಮಟ್ಟ ಕೆಟ್ಟಿದೆ. ಎಷ್ಟೋ ದಿನದಿಂದ ಹೀಗೇ ಸುಳ್ಳು ಹೇಳ್ತಿದೆ."

ಅಷ್ಟು ಹೇಳುವ ಹೊತ್ತಿಗೆ ಅವನ ಕಿವಿ ಕೆಂಪಾಗಿತ್ತು. ಹೆಂಡತಿ ಒಮ್ಮೆ ಗುಳ್ಳೆ ನೋಡಿದಳು, ಒಮ್ಮೆ ಅಪ್ಪನನ್ನು ನೋಡಿದಳು, ಆಮೇಲೆ ಗಂಡನನ್ನು ಸ್ವಲ್ಪ ಹೆಚ್ಚು ಹೊತ್ತೇ ನೋಡಿದಳು. ಪಟ್ಟಿಯನ್ನು ತಂದು ಅವನ ಜೇಬಿಗೆ ತಾನೇ ಸಿಕ್ಕಿಸಿ, "ಹೌದಪ್ಪಾ, ಕೆಟ್ಟೋಗಿದೆ. ಈ ಹಲಗೆನೂ ಸೊಟ್ಟ. ವಾಪಸ್ ತಗೊಂಡು ಹೋಗಪ್ಪ ನೀನು," ಎಂದಳು.

"ಅಗ್ಗದ್ದು ತಗೊಂಡ್ರೆ ಹಿಂಗೇ ಅಳಿಯಂದ್ರೇ," ಎಂದು ಮಾವ ಮತ್ತೆ ಕೂತರು.

ಫಿಟ್ಟರು ಸುಮ್ಮನಿರುವ ಜಾತಿಯಲ್ಲ. ಬಂದ ದಾರಿಯಲ್ಲೇ, ನಿಂತ ಬಾಗಿಲಲ್ಲೆಲ್ಲ ಮತ್ತೆ ನಿಂತು ಮೇಸ್ತ್ರಿಯ ರಸಮಟ್ಟ ಕೆಟ್ಟಿದೆಯಂತೆ ಎಂದು ಸುದ್ದಿ ಹಂಚಿಕೊಂಡು ಹೋದ. ಹಿಂದೆ ಟೈಲ್ಸ್ ಹಾಕಿಸಿಕೊಂಡವರೆಲ್ಲ ತಮ್ಮ ತಮ್ಮ ಬಚ್ಚಲಿಗೆ ಹೋಗಿ ತಲೆ ಓರೆ ಮಾಡಿಕೊಂಡು ಗೋಡೆ ನೋಡತೊಡಗಿದರು. ಕ್ಷೌರದವನು ಕನ್ನಡಿಯನ್ನು ಮೊದಲಿನ ಹಾಗೇ ವಾಲಿಸಿಟ್ಟ. ಯಾರು ಬಂದು ಕೇಳಿದರೂ ರಸಮಟ್ಟ, "ಹೌದು, ಕೆಟ್ಟಿದೆ," ಎಂದೇ ಹೇಳಿ ಕಳಿಸಿದ.

ಆಮೇಲೆ ಅವನು ತನ್ನ ಬಚ್ಚಲಿಗೆ ಬಿಳೀ ಟೈಲ್ಸ್ ಹಾಕಿದ. ಗೋಡೆ ಹೇಗೆ ವಾಲಿತ್ತೋ ಹಾಗೇ ಹಾಕಿದ. ಮಾವ ಕುರ್ಚಿಯನ್ನು ಬಾಗಿಲಿಗೇ ಎಳೆದುಕೊಂಡು, "ಹಾಂ, ಹಾಂ, ನನ್ನ ಗೋಡೆ ಹಿಡಿದೇ ಹೋಗಿ, ತಪ್ಪೋದೇ ಇಲ್ಲ," ಎಂದು ಹೇಳಿಕೊಟ್ಟರು. ರಸಮಟ್ಟ ಪ್ರತಿ ಟೈಲ್ಸನ್ನೂ ಮುಖ ಆಚೆ ತಿರುಗಿಸಿಕೊಂಡೇ ಗೋಡೆಗೆ ಒತ್ತಿದ.

ನೀರು ಸೋರುವುದು ನಿಂತಿತು. ಸೀರೆಗಳ ವಾಸನೆ ಹೋಯಿತು. ರಸಮಟ್ಟ ಮಾತ್ರ ಅಂದಿನಿಂದ ಕಣ್ಣು ಬಿಗಿಯಾಗಿ ಮುಚ್ಚಿಕೊಂಡೇ ಸ್ನಾನ ಮಾಡುತ್ತಾನೆ. ಸೋಪು ತಡಕಾಡುತ್ತಾನೆ, ನಲ್ಲಿ ತಡಕಾಡುತ್ತಾನೆ, ಬಿಸಿನೀರಿನದ್ದೆಂದು ತಣ್ಣೀರಿನದ್ದು ತಿರುಗಿಸಿ ಕಿರುಚಿಕೊಳ್ಳುತ್ತಾನೆ. ಹೊರಗೆ ಮಾವ ಮಗಳಿಗೆ ಹೇಳುತ್ತಿರುತ್ತಾರೆ: "ಎಷ್ಟು ಹೊತ್ತಾಯ್ತು ನೋಡು ಒಳಗೆ ಹೋಗಿ! ನನ್ನ ಗೋಡೆ ನೋಡ್ತಾ ನಿಂತುಬಿಡ್ತಾನೆ, ಪಾಪ."