ನಾನು ಆರಿಸಿದ ಕಾರ್ಬೊರೇಟರ್

ನಮ್ಮಪ್ಪನ ಗ್ಯಾರೇಜು ಕೊಟ್ಟೂರಿನಲ್ಲಿ, ಕೂಡ್ಲಿಗಿ ರಸ್ತೆಗೆ ಮುಖಮಾಡಿ ಇದೆ. ಮುಂದೆ ತಗಡಿನ ಶೆಡ್ಡು, ಹಿಂದೆ ಮನೆ. ಅಡುಗೆಮನೆಯ ಕಿಟಕಿ ತೆರೆದಿದ್ದರೆ ಶೆಡ್ಡಿನ ಮಾತೆಲ್ಲ ಒಳಗೆ ಕೇಳಿಸುತ್ತದೆ. ಹತ್ತು ವರ್ಷದವಳಿದ್ದಾಗ ಅಪ್ಪ ನನ್ನನ್ನು ಒಂದು ಬೋಗುಣಿ ಪೆಟ್ರೋಲಿನ ಮುಂದೆ ಕೂರಿಸಿ ಕಾರ್ಬೊರೇಟರ್ ತೊಳೆಯಲು ಹಚ್ಚಿದ. ಎಂಜಿನ್ನಿಗೆ ಹೋಗುವ ಗಾಳಿಗೆ ಪೆಟ್ರೋಲನ್ನು ಹದವಾಗಿ ಬೆರೆಸುವ ಆ ಡಬ್ಬಿಯೊಳಗೆ ಜೆಟ್ ಎಂಬ ಹಿತ್ತಾಳೆಯ ತಿರುಪುಗಳಿರುತ್ತವೆ. ಒಂದೊಂದರ ನಡುವೆ ಸೂಜಿಮೊನೆಯಷ್ಟು ತೂತು. ನನ್ನ ಬೆರಳು ಸಣ್ಣವಿದ್ದವು. ಬಿಚ್ಚುತ್ತಿದ್ದೆ, ಊದುತ್ತಿದ್ದೆ, ಬೆಳಕಿಗೆ ಹಿಡಿದು ನೋಡುತ್ತಿದ್ದೆ. ಹೈಸ್ಕೂಲು ಮುಗಿಯುವ ಹೊತ್ತಿಗೆ ಯಾವ ಎಂಜಿನ್ನಿಗೆ ಎಷ್ಟು ತೂತಿನ ಜೆಟ್ ಬೇಕೆಂದು ಅಪ್ಪ ನನ್ನನ್ನೇ ಕೇಳತೊಡಗಿದ್ದ.

ಪಿಯುಸಿ ಸೇರಿದ ವರ್ಷ ಅದೇ ಅಪ್ಪ ಶೆಡ್ಡಿಗೆ ಬರಬೇಡ ಅಂದ. "ಉಗುರು ಕರ್ರಗ ಮಾಡ್ಕೊಂಡು ಕುಂತ್ರ ಕನ್ಯಾ ನೋಡಾಕ ಬಂದೋರು ಏನಂತಾರ?" ನಾನು ಎದುರಾಡಲಿಲ್ಲ. ಓದಿದೆ, ಹಗರಿಬೊಮ್ಮನಹಳ್ಳಿಯ ಒಂದು ಕಚೇರಿಯಲ್ಲಿ ಗುಮಾಸ್ತೆಯಾದೆ, ಅದೇ ಊರಿಗೆ ಸೊಸೆಯಾದೆ. ಶೆಡ್ಡು ತಮ್ಮನ ಪಾಲಾಯಿತು. ಅವನು ಒಳ್ಳೆಯ ಕೆಲಸಗಾರ, ಅದರಲ್ಲಿ ಸುಳ್ಳಿಲ್ಲ. ಗಟ್ಟಿ ಕೈ. ಆದರೆ ಕಾರ್ಬೊರೇಟರ್ ಅಂದರೆ ಅವನಿಗೆ ತಾಳ್ಮೆ ಸಾಲದು. ಅಪ್ಪನಿಗೆ ವಯಸ್ಸಾಗಿ ಕಿವಿ ಮಂದವಾಯಿತು. ಎಂಜಿನ್ನಿನ ಸದ್ದು ಕೇಳಿ ರೋಗ ಹೇಳುತ್ತಿದ್ದವನು ಈಗ ಟೈರಿನ ಮೇಲೆ ಕೂತು, ಎಂಜಿನ್ನಿನ ನಡುಕ ತಿಳಿಯಲು ಬಾನೆಟ್ಟಿನ ಮೇಲೆ ಅಂಗೈ ಇಡುತ್ತಿದ್ದ.

ಮೂರು ವರ್ಷದ ಹಿಂದೆ ಹರಪನಹಳ್ಳಿಯ ಮೆಕ್ಕೆಜೋಳದ ವ್ಯಾಪಾರಿಯೊಬ್ಬರು ತಮ್ಮ ಅಜ್ಜನ ಕಾಲದ ಕಾರನ್ನು ಲಾರಿಯ ಮೇಲೆ ಹೇರಿಸಿಕೊಂಡು ನಮ್ಮ ಶೆಡ್ಡಿಗೆ ತಂದರು. ಗೋದಾಮಿನಲ್ಲಿ ಚೀಲಗಳ ಹಿಂದೆ ಎಷ್ಟೋ ವರ್ಷ ನಿಂತಿದ್ದ ಪರದೇಶದ ಕಾರು. ಅವರ ಮಗನಿಗೆ ಮಾಗಳದಲ್ಲಿ ಹೆಣ್ಣು ಗೊತ್ತಾಗಿತ್ತು. ಸೊಸೆ ಹೊಳೆದಂಡೆಯ ಊರಿನಿಂದ ಅಜ್ಜನ ಕಾರಿನಲ್ಲೇ ಮನೆಗೆ ಬರಬೇಕು ಎಂಬುದು ಸಾವ್ಕಾರರ ಆಸೆ.

ಎಂಜಿನ್ನಿನ ಸಿಲಿಂಡರುಗಳು ಸವೆದು ಗೆರೆ ಬಿದ್ದಿದ್ದವು. ಅಪ್ಪ ಮತ್ತು ತಮ್ಮ ಅದನ್ನು ದಾವಣಗೆರೆಗೆ ಒಯ್ದು ಬೋರ್ ಮಾಡಿಸಿ, ಅಂದರೆ ಸಿಲಿಂಡರುಗಳನ್ನು ಒಳಗಿನಿಂದ ಕೊರೆಸಿ ಅಗಲ ಮಾಡಿಸಿ, ದೊಡ್ಡ ಪಿಸ್ಟನ್ ಕೂರಿಸಿದರು. ಸಿಲಿಂಡರುಗಳ ಮುಚ್ಚಳವಾದ ಹೆಡ್ಡನ್ನೂ ಸ್ವಲ್ಪ ಕೆತ್ತಿಸಿದರು. ಎಂಜಿನ್ನಿನ ಶಕ್ತಿ ಹೆಚ್ಚಿತು. ಮೂಲದ ಕಾರ್ಬೊರೇಟರ್ ಮಾತ್ರ ಒಡೆದುಹೋಗಿತ್ತು, ಅಂಥದ್ದು ಈಗ ಎಲ್ಲೂ ಸಿಗುವುದಿಲ್ಲ. ಬೇರೊಂದನ್ನು ಆರಿಸಬೇಕಿತ್ತು.

ಒಂದು ಭಾನುವಾರ ತವರಿಗೆ ಹೋದಾಗ ಮೇಜಿನ ಮೇಲೆ ಎರಡು ಇದ್ದವು. ಒಂದು, ತಮ್ಮ ಆನ್‌ಲೈನಿನಲ್ಲಿ ತರಿಸಿದ ಹೊಚ್ಚಹೊಸದು, ಗಾಳಿ ಹೋಗಲು ಎರಡು ಗಂಟಲಿನದು, ಫಳಫಳ ಹೊಳೆಯುತ್ತಿತ್ತು. ಇನ್ನೊಂದು ಅಪ್ಪನ ಟ್ರಂಕಿನಲ್ಲಿದ್ದ ಹಳೆಯ ಜೀಪಿನದು, ಒಂದೇ ಗಂಟಲಿನದು.

"ಎಂಜಿನ್ ಹೊಟ್ಟಿ ದೊಡ್ಡದಾತು ಅಕ್ಕಾ, ಬಾಯಿನೂ ದೊಡ್ಡದ ಬೇಕು," ಅಂದ ತಮ್ಮ.

"ಇದರ ಗಂಟಲು ಬಾಳ ಅಗಲ ಆತಪಾ. ಅಗಲ ಗಂಟಲಾಗ ಗಾಳಿ ನಿಧಾನ ಹೊಕ್ಕತಿ. ಗಾಳಿ ಜೋರು ಹೋದ್ರ ಅಲ್ಲೇನು ಪೆಟ್ರೋಲ್ ಎಳ್ಕೊಳ್ಳೋದು? ಮದುವಿ ಕಾರು, ಜನರ ನಡುವ ಮೆಲ್ಲಕ ಹೋಗೋದು. ಮೆಲ್ಲಕ ಹೋಗುವಾಗ ಪೆಟ್ರೋಲ್ ಸಿಗದ ಬಿಕ್ಕತೈತಿ. ಜೀಪಿಂದ ಹಾಕು."

ತಮ್ಮ ನಕ್ಕ. "ಆಫೀಸಿನಾಗ ಕುಂತು ಹೇಳೋದು ಸಸಾರ ಐತಿ ಬಿಡು."

ನಾನು ಅಪ್ಪನ ಕಡೆ ನೋಡಿದೆ. ನನ್ನ ಮಾತು ಅವನಿಗೆ ಕೇಳಿಸಿತ್ತು. ಮುಖ ನೋಡಿದರೆ ಒಪ್ಪಿದ್ದಾನೆಂದೂ ತಿಳಿಯುತ್ತಿತ್ತು. ಅವನು ಬೀಡಿ ಹುಡುಕುವವನಂತೆ ಜೇಬು ತಡಕಾಡಿದ.

ಮದುವೆಗೆ ಹತ್ತು ದಿನ ಇರುವಾಗ ಅಪ್ಪನ ಫೋನು ಬಂತು. ಎರಡು ಗಂಟಲಿನದನ್ನು ಕೂರಿಸಿ ಸಾವ್ಕಾರರನ್ನೇ ಪಕ್ಕದಲ್ಲಿಟ್ಟುಕೊಂಡು ತಮ್ಮ ಕೂಡ್ಲಿಗಿ ಕಡೆ ಹೋಗಿದ್ದನಂತೆ. ಏರಿನಲ್ಲಿ ಪೆಡಲ್ ಒತ್ತಿದಾಗಲೆಲ್ಲ ಕಾರು ಮುಗ್ಗರಿಸಿ ನಿಲ್ಲುತ್ತಿತ್ತಂತೆ. ಎತ್ತಿನ ಗಾಡಿಯವನೊಬ್ಬ ದಾಟಿಹೋಗುವಾಗ "ಹಗ್ಗ ಬೇಕೇನ್ರಿ?" ಅಂದನಂತೆ. ಸಾವ್ಕಾರರು ಅಲ್ಲಿಂದ ಬಸ್ಸಿನಲ್ಲೇ ವಾಪಸಾಗಿದ್ದರು.

"ಭಾನುವಾರ ಬಾರವ್ವ," ಅಂದ ಅಪ್ಪ.

ಹೋದೆ. ಹಳೆಯ ಸೀರೆ ಉಟ್ಟು ಸೆರಗು ಸೊಂಟಕ್ಕೆ ಸಿಕ್ಕಿಸಿ ಬೆಳಗಿನಿಂದ ಕೂತೆ. ಜೀಪಿನ ಕಾರ್ಬೊರೇಟರಿನ ಬೋಲ್ಟಿನ ತೂತುಗಳು ಈ ಎಂಜಿನ್ನಿನ ತೂತುಗಳಿಗೆ ಹೊಂದುತ್ತಿರಲಿಲ್ಲ. ನಡುವೆ ಕೂರಿಸಲು ದಪ್ಪ ಅಲ್ಯೂಮಿನಿಯಂ ತಗಡಿನ ಮೇಲೆ ನಾನು ಗುರುತು ಹಾಕಿಕೊಟ್ಟೆ, ತಮ್ಮ ಕೊರೆದ. ಜೆಟ್ ಮೂರು ಸಲ ಬದಲಿಸಿದೆ. ಪ್ರತಿ ಸಲ ಒಂದು ಸುತ್ತು ಓಡಿಸಿ ತಂದು ಸ್ಪಾರ್ಕ್ ಪ್ಲಗ್ ಬಿಚ್ಚಿ ತುದಿಯ ಬಣ್ಣ ನೋಡುತ್ತಿದ್ದೆ. ಮೊದಲ ಸಲ ಮಸಿಗಪ್ಪು: ಪೆಟ್ರೋಲ್ ಹೆಚ್ಚಾಗಿತ್ತು. ಎರಡನೆಯ ಸಲ ಸುಣ್ಣದ ಬಿಳುಪು: ಕಡಿಮೆಯಾಗಿ ಎಂಜಿನ್ ಕಾಯುತ್ತಿತ್ತು. ಮೂರನೆಯ ಸಲ ನಾಲ್ಕೂ ಪ್ಲಗ್ಗುಗಳು ಬಿಸ್ಕೀಟಿನ ಬಣ್ಣಕ್ಕೆ ಬಂದವು. ಅಪ್ಪ ಬಾನೆಟ್ಟಿನ ಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚಿದ. ಎಷ್ಟೋ ವರ್ಷಗಳ ಮೇಲೆ ನನಗೆ ಆ ಶೆಡ್ಡಿನಲ್ಲಿ ಹಸಿವು, ಹೊತ್ತು ಎರಡೂ ಮರೆತಿದ್ದವು.

ಆಗ ಹೊರಗೆ ಸಾವ್ಕಾರರ ಜೀಪು ನಿಂತಿತು. ಅಪ್ಪ ಕಣ್ಣು ತೆರೆದ.

"ಲಗೂನ ಕೈ ತೊಳ್ಕೊಂಡು ಒಳಗ ಹೋಗಿ ಚಾ ಇಡು," ಅಂದ.

ನಾನು ಒಳಗೆ ಹೋದೆ. ನೀರು ಕುದಿಯುತ್ತಿರುವಾಗ ಕಾರು ಹೊರಗೆ ಹೋದ ಸದ್ದು ಕೇಳಿತು. ತಿರುಗಿ ಬಂದದ್ದೂ ಕೇಳಿತು. ಎಲ್ಲೂ ಬಿಕ್ಕಲಿಲ್ಲ. ಅಪ್ಪನಿಗೆ ಕೇಳಿಸಲೆಂದು ಸಾವ್ಕಾರರು ಜೋರಾಗಿ ಕೂಗಿದರು: "ಇದನ್ನ ಹೊಂದ್ಸಿದ್ದು ಯಾರಪ್ಪಾ?"

"ನನ್ನ ಮಗ್ರಿ," ಅಂದ ಅಪ್ಪ.

ಚಹ ಕೊಡಲು ಹೋದೆ. "ನಿನ್ನ ತಮ್ಮ ಭಾಳ ಶಾಣ್ಯಾ ಇದಾನ ನೋಡಮ್ಮ," ಅಂದರು ಸಾವ್ಕಾರರು. ತಮ್ಮ ಲೋಟದೊಳಗೆ ನೋಡುತ್ತಿದ್ದ. ಲೋಟ ಹಿಡಿದ ನನ್ನ ಕೈಯ ಉಗುರುಗಳಲ್ಲಿ ಇನ್ನೂ ಮಸಿ ಇತ್ತು. ಅದು ಯಾರಿಗೂ ಕಾಣಲಿಲ್ಲ.

ಅವರು ಹೋದ ಮೇಲೆ ಕೇಳಿದೆ. "ಯಾಕ ಹಂಗಂದಿ ಅಪ್ಪಾ?"

"ಹೆಣ್ಮಗಳು ಮಾಡ್ಯಾಳ ಅಂದ್ರ ಗಿರಾಕಿ ನಂಬಂಗಿಲ್ಲ. ನಿನ್ನ ತಮ್ಮಗ ಇದ ಹೊಟ್ಟಿಪಾಡು. ನಿನಗ ನೌಕರಿ ಐತಲ್ಲ."

ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಹಗರಿಬೊಮ್ಮನಹಳ್ಳಿಯವರೆಗೆ ಉಗುರು ಕೆರೆಯುತ್ತ ಬಂದೆ.

ಮದುವೆಯಲ್ಲಿ ತಮ್ಮನಿಗೆ ಶಾಲು ಹೊದಿಸಿದರು. ಅವನು ಕಾರಿಗೆ ಒರಗಿ ನಿಂತ ವಿಡಿಯೊ ನನ್ನ ಕಚೇರಿಯವರ ಫೋನಿಗೂ ಬಂತು. "ನಿಮ್ಮ ತಮ್ಮ ಅಲ್ಲೇನ್ರಿ ಇವ?" ಎಂದು ಪಕ್ಕದ ಮೇಜಿನವರು ತೋರಿಸಿದರು. ಹೌದೆಂದು ನಕ್ಕೆ. ಆಮೇಲೆ ಹಳೆಯ ಕಾರುಗಳು ಒಂದೊಂದಾಗಿ ಕೊಟ್ಟೂರಿಗೆ ಬಂದವು. ಪ್ರತಿ ಕಾರಿಗೂ ತಮ್ಮನ ಫೋನು: ಅಕ್ಕಾ, ಇದಕ್ಕ ಯಾವುದು ಹಾಕ್ಲಿ? ಅಕ್ಕಾ, ಜೆಟ್ ಎಷ್ಟು? ನಾನು ಕಡತ ಪಕ್ಕಕ್ಕಿಟ್ಟು ಹೇಳುತ್ತಿದ್ದೆ. ಒಂದು ಸಲವಾದರೂ ಅವನು ಯಾರ ಮುಂದಾದರೂ ನನ್ನ ಹೆಸರು ಎತ್ತುತ್ತಾನೆಂದು ಕಾದೆ. ಎತ್ತಲಿಲ್ಲ.

ಹೋದ ವರ್ಷ ಹಡಗಲಿಯ ನಿವೃತ್ತ ಎಂಜಿನಿಯರರೊಬ್ಬರ ಕಾರು ಬಂದಿತ್ತು. ಅದೂ ಬೋರ್ ಮಾಡಿಸಿದ ಎಂಜಿನ್ನೇ. ತಮ್ಮ ಫೋನು ಮಾಡಿದ. ನೂರಾ ಮೂವತ್ತರ ಜೆಟ್ ಬೇಕೆಂದು ನನಗೆ ಕೇಳಿದ ಕೂಡಲೇ ಗೊತ್ತಾಯಿತು. ನಂಬರು ಕಡಿಮೆಯಾದಷ್ಟೂ ತೂತು ಸಣ್ಣದು, ಪೆಟ್ರೋಲ್ ಕಡಿಮೆ, ಎಂಜಿನ್ನಿಗೆ ಕಾವು ಹೆಚ್ಚು. ಅದೂ ಗೊತ್ತಿತ್ತು.

"ನೂರಾ ಹತ್ತು," ಅಂದೆ.

"ಪ್ಲಗ್ ನೋಡ್ಲೇನು?"

"ಬ್ಯಾಡ, ಸರಿ ಇರತೈತಿ."

ಫೋನು ಇಟ್ಟು ಕಡತ ಎಳೆದುಕೊಂಡೆ. ಮತ್ತೆ ಫೋನು ಮಾಡಿ ತಿದ್ದಿ ಹೇಳಲು ಸಂಜೆಯವರೆಗೆ ಸಮಯವಿತ್ತು. ಮರುದಿನವೂ ಇತ್ತು. ಮಾಡಲಿಲ್ಲ.

ನಾಲ್ಕನೆಯ ದಿನ, ಹರಪನಹಳ್ಳಿಯ ಬಂಧುಗಳ ಮನೆಗೆ ಹೊರಟಿದ್ದ ಎಂಜಿನಿಯರರ ಕಾರು ನೀಲಗುಂದದ ಹತ್ತಿರ ನಿಂತಿತು. ಶೆಡ್ಡಿಗೆ ಎಳೆತಂದು ಬಿಚ್ಚಿ ನೋಡಿದಾಗ ವಾಲ್ವು ಸುಟ್ಟಿತ್ತು, ಒಂದು ಪಿಸ್ಟನ್ ಕರಗಿತ್ತು. ಎಂಜಿನಿಯರರು ಶೆಡ್ಡಿಗೆ ಬಂದು ತಮ್ಮನನ್ನು ನಾಲ್ಕು ಜನರ ಮುಂದೆ ಬೈದು ಕಾರನ್ನು ದಾವಣಗೆರೆಗೆ ಎಳೆಸಿಕೊಂಡು ಹೋದರು. ಅವರು ಹೇಳಬೇಕಾದ ಕಡೆಗಳಲ್ಲೆಲ್ಲ ಹೇಳಿದರು. ಹಳೆಯ ಕಾರುಗಳು ಬರುವುದು ನಿಂತಿತು.

ಮುಂದಿನ ಭಾನುವಾರ ನಾನು ಹೋದಾಗ ಅಪ್ಪ ಟೈರಿನ ಮೇಲೆ ಕೂತಿದ್ದ. ಹತ್ತಿರ ಕರೆದು ಮುಷ್ಟಿ ಬಿಚ್ಚಿದ. ಅಂಗೈಯಲ್ಲಿ ಆ ಕಾರಿನ ಪ್ಲಗ್ ಇತ್ತು, ಬಳಪದಷ್ಟು ಬಿಳಿ.

"ತಿಳೀಲಾರದೋರು ಮಾಡಿದ ತಪ್ಪಲ್ಲವ್ವ ಇದು," ಅಂದ. "ಬಾಳ ಚಲೋ ತಿಳಿದೋರು ಮಾಡ್ಯಾರ."

ನನಗೆ ಕೆಲಸ ಗೊತ್ತಿದೆ ಎಂದು ಅಪ್ಪ ಬಾಯಿಬಿಟ್ಟು ಹೇಳಿದ್ದು ಅದೊಂದೇ ಸಲ.

ಅಷ್ಟರಲ್ಲಿ ತಮ್ಮ ಒಳಗಿನಿಂದ ಬಂದ. ಗಡ್ಡ ಬೆಳೆದಿತ್ತು, ನಿದ್ದೆಯಿಲ್ಲದ ಕಣ್ಣು. "ನಾನ ತಪ್ಪು ಕೇಳಿಸ್ಕೊಂಡೆ ಅಕ್ಕಾ," ಅಂದ. "ನೀ ಬರೋಬ್ಬರಿನ ಹೇಳಿರ್ತಿ. ಶೆಡ್ಡಿನಾಗ ಗ್ರೈಂಡರ್ ಸದ್ದಿತ್ತು. ನಿನ್ನ ಹೆಸರು ಯಾರ ಮುಂದೂ ತೆಗದಿಲ್ಲ, ಚಿಂತಿ ಮಾಡಬ್ಯಾಡ."

ಅಪ್ಪ ನನ್ನ ಮುಖವನ್ನೇ ನೋಡುತ್ತಿದ್ದ. ನಾನು ಹೇಳಿಬಿಡಬಹುದಿತ್ತು.

"ಇರ್ಲಿ ಬಿಡು, ಫೋನಿನಾಗ ಒಮ್ಮೊಮ್ಮೆ ಸರಿ ಕೇಳಂಗಿಲ್ಲ," ಅಂದೆ.

ಅಪ್ಪ ಪ್ಲಗ್ಗನ್ನು ಜೇಬಿಗೆ ಹಾಕಿಕೊಂಡು ಎದ್ದು ಒಳಗೆ ಹೋದ. ಈಗ ಶೆಡ್ಡಿನಲ್ಲಿ ಬೈಕು, ಆಟೊಗಳ ಕೆಲಸ ನಡೆಯುತ್ತದೆ, ಸಂಸಾರಕ್ಕೆ ಸಾಕಾಗುತ್ತದೆ. ನಾನು ಹೋದರೆ ತಮ್ಮ ಮೊದಲಿನ ಹಾಗೆಯೇ ಮಾತಾಡಿಸುತ್ತಾನೆ. ಅಪ್ಪ ಊಟವಾಯಿತೇ ಎಂದು ಕೇಳುತ್ತಾನೆ, ಮಕ್ಕಳು ಹೇಗಿದ್ದಾರೆ ಎಂದು ಕೇಳುತ್ತಾನೆ. ಎಂಜಿನ್ನಿನ ವಿಷಯ ಒಂದು ಮಾತನ್ನೂ ಕೇಳುವುದಿಲ್ಲ.