ತಂದೆ ಎಂದು ಬರೆಯದ ಮೂವತ್ತೊಂದು ಸಾಲು

ಹಗರಿಬೊಮ್ಮನಹಳ್ಳಿ ಬಸ್‌ ನಿಲ್ದಾಣದ ಎದುರು ಕೋಮಲಾಳ ಕಂಪ್ಯೂಟರ್ ಅಂಗಡಿ ಇದೆ. ಉದ್ದನೆಯ ಸಾಲನ್ನು ತುಂಡು ಮಾಡಿ ಕಾಲಂಗಳಿಗೆ ಇಳಿಸುವುದರಲ್ಲಿ ಆಕೆಯದು ಪಳಗಿದ ಕೈ.

ಈ ಜೂನ್‌ನಲ್ಲಿ ಹುಡುಗಿಯರ ಹಾಸ್ಟೆಲೊಂದರ ಎಂಟುನೂರು ಅರ್ಜಿಗಳ ಪಟ್ಟಿ ಆಕೆಗೆ ಬಂತು. ಕಣ್ಣಿಗೆ ಬಿದ್ದ ಸಾಲುಗಳೆಲ್ಲ ನಮ್ಮ ಕಡೆಯ ರೂಢಿಯಂತೆ: ‘ದುರ್ಗಾ ತಂದೆ ಪಾಲಯ್ಯ, ತಂಬ್ರಹಳ್ಳಿ’. ಕೋಮಲಾ ಸಾಲಿನಿಂದ ಬೇಕಾದ ತುಣುಕುಗಳನ್ನು ಹುಡುಕಿ ಹಿಡಿಯುವ ರೆಗ್ಯುಲರ್ ಎಕ್ಸ್‌ಪ್ರೆಶನ್ ಎಂಬ ಮಾದರಿ ಬರೆದು ಮೂರು ಕಂಸ ಇಟ್ಟಳು. ‘ತಂದೆ’ಗಿಂತ ಮುಂಚಿನದು ಒಂದು ಕಂಸಕ್ಕೆ, ಅಲ್ಲಿಂದ ಅಲ್ಪವಿರಾಮದವರೆಗೆ ಎರಡನೆಯದಕ್ಕೆ, ಊರು ಮೂರನೆಯದಕ್ಕೆ. ಕಂಸ ಹಿಡಿದದ್ದೆಲ್ಲ ತನ್ನ ತನ್ನ ಕಾಲಂನಲ್ಲಿ ಹೋಗಿ ಕೂತಿತು. ಕಳಿಸಿದಳು.

ಕಡೆಯ ದಿನ ಸಂಜೆ ಐದಕ್ಕೆ ಪಟ್ಟಿ ಮುಚ್ಚಬೇಕು. ಐದಕ್ಕೆ ಹತ್ತು ನಿಮಿಷವಿರುವಾಗ ಹಂಪಮ್ಮ ಏದುಸಿರು ಬಿಡುತ್ತ ಬಂದಳು.

“ಕೋಮಲವ್ವ, ನನ್ ಮಗಳು ರೋಜಾನ ಹೆಸರಾ ಇಲ್ಲಂತ. ಸೀಟ್ ಸಿಗ್ಲಿಲ್ಲಂದ್ರ ಸಾಲಿ ಬಿಡಿಸಿ ಕೂಲಿಗೆ ಕಳಸ್ಬೇಕಾಕ್ಕತಿ.”

ಕೋಮಲಾ ಮೂಲ ಪಟ್ಟಿ ತೆರೆದಳು. ಹೆಸರಿತ್ತು: ‘ರೋಜಾ ತಾಯಿ ಹಂಪಮ್ಮ, ತಂಬ್ರಹಳ್ಳಿ’. ‘ತಂದೆ’ ಇಲ್ಲದ ಸಾಲು ಮಾದರಿಗೆ ಹೊಂದದೆ ಸದ್ದಿಲ್ಲದೆ ಉದುರಿಹೋಗಿತ್ತು. ಅಂಥವು ಮೂವತ್ತೊಂದು. ಎಲ್ಲ ದೇವರಿಗೆ ಬಿಟ್ಟ ಹೆಂಗಸರ ಮಕ್ಕಳು.

ಕೋಮಲಾಳ ಅವ್ವನೂ ಅಂಥವಳೇ. ಮಗಳನ್ನು ಶಾಲೆಗೆ ಸೇರಿಸುವಾಗ ಮಾತ್ರ ತನ್ನ ತಮ್ಮನ ಹೆಸರನ್ನೇ ತಂದೆಯದೆಂದು ಬರೆಸಿದ್ದಳು. ಆ ಸುಳ್ಳು ಎಷ್ಟು ರೂಢಿಯಾಗಿತ್ತೆಂದರೆ, ತಾಯಿ ಹೆಸರಿನ ಸಾಲು ಇರಬಹುದೆಂದು ಮಗಳಿಗೆ ಹೊಳೆಯಲೇ ಇಲ್ಲ.

“ಯಾವ್ದರ ಗಂಡಸಿನ ಹೆಸರು ಬರಸಬಾರ್ದಿತ್ತಾ, ಹಂಪಕ್ಕ?” ಕೋಮಲಾ ಕೇಳಿದಳು.

“ಯಾಕ ಬರಸ್ಲಿ? ಅವ್ರೇನು ಒಂದಿನ ಗಂಜಿ ಕುಡಿಸ್ಯಾರೇನು?”

ಕೋಮಲಾ ಮಾದರಿಯಲ್ಲಿ ‘ತಂದೆ’ಯ ಪಕ್ಕಕ್ಕೆ ‘ತಾಯಿ’ಯನ್ನೂ ಸೇರಿಸಿ ಓಡಿಸಿದಳು. ಮೂವತ್ತೊಂದೂ ಬಂದವು. ಕಳಿಸಲು ಒತ್ತಿದರೆ ಚಕ್ರ ಸುತ್ತುತ್ತಲೇ ಇತ್ತು. ಐದು ದಾಟಿ ಎರಡು ನಿಮಿಷ. ‘ಅವಧಿ ಮುಗಿದಿದೆ’.

ಪಟ್ಟಿಯ ಕೆಲಸ ಕೊಟ್ಟಿದ್ದ ಹಾಸ್ಟೆಲಿನ ಮಂಜಣ್ಣನಿಗೆ ಫೋನ್ ಹಚ್ಚಿದಳು.

“ಪಟ್ಟಿ ಮ್ಯಾಲಕ್ಕ ಹೋತಲ್ರಿ. ನಿಮ್ದಾ ತಪ್ಪಂತ ಬರದು ಕೊಡ್ರಿ, ಕೇಳಿ ನೋಡ್ತೀನಿ. ಆದ್ರ ಇನ್ಮ್ಯಾಲ ನಿಮಗ ಕೆಲ್ಸ ಕೊಡಾಕಾಗಂಗಿಲ್ರಿ.”

“ಬರೀತೀನ್ರಿ.”

ಹಾಸ್ಟೆಲಿನ ಕೆಲಸದಿಂದಲೇ ಅಂಗಡಿಯ ಬಾಡಿಗೆ ಹುಟ್ಟುತ್ತಿತ್ತು. ಆದರೂ ಹಾಳೆ ತೆಗೆದು, ತಪ್ಪು ನನ್ನದೆಂದು ಬರೆದು, ಕೆಳಗೆ ಮೂವತ್ತೊಂದು ಹೆಸರು ಇಳಿಸತೊಡಗಿದಳು.

“ಇದಕ್ಕ ಸೀಟ್ ಕೊಡ್ತಾರೇನು?” ಹಂಪಮ್ಮ ಕೇಳಿದಳು.

“ಗೊತ್ತಿಲ್ಲಕ್ಕ.”

ಹಂಪಮ್ಮ ಬಾಗಿಲಲ್ಲೇ ಕುಕ್ಕರಿಸಿ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಕೋಮಲಾ ಒಂಬತ್ತನೆಯ ಹೆಸರು ಬರೆಯುತ್ತಿದ್ದಳು.