ಬೆನ್ನು ತಿರುಗಿಸಿ ಆಡಿದ ಮಾತು

ಮಗ್ಗದ ಶೆಡ್ಡಿನಲ್ಲಿ ಅವಳನ್ನು ಎಲ್ಲರೂ ಕೆಪ್ಪಕ್ಕ ಎಂದೇ ಕರೆಯುತ್ತಿದ್ದರು, ಅದೂ ಪ್ರೀತಿಯಿಂದ. ಚಿಕ್ಕಂದಿನಲ್ಲಿ ಎರಡು ಕಿವಿಯೂ ಸೋರಿ ಸೋರಿ ತಮಟೆ ತೂತುಬಿದ್ದಿತ್ತು. ಆದರೆ ಆ ಶೆಡ್ಡಿನಲ್ಲಿ ಕಿವಿ ಯಾರಿಗೆ ಬೇಕು? ಮಗ್ಗಗಳ ಗದ್ದಲಕ್ಕೆ ಎಲ್ಲರೂ ದನಿಯಿಲ್ಲದೆ ಬರಿ ತುಟಿ ಆಡಿಸಿಯೇ ಮಾತಾಡುತ್ತಿದ್ದರು. ತುಟಿ ಓದುವುದರಲ್ಲಿ ಕೆಪ್ಪಕ್ಕನನ್ನು ಮೀರಿಸಿದವರಿಲ್ಲ. ಆ ತುದಿಯಲ್ಲಿ ಯಾರಾದರೂ ಮೇಸ್ತ್ರಿಯನ್ನು ಬೈದರೆ ಈ ತುದಿಯಲ್ಲಿ ಇವಳು ಕಿಸಕ್ಕೆಂದು ನಗುತ್ತಿದ್ದಳು.

ಈ ವಿದ್ಯೆ ಮನೆಯವರಿಗೂ ಗೊತ್ತಿತ್ತು. ಅದಕ್ಕೇ ತಮ್ಮ ಮತ್ತು ಅವನ ಹೆಂಡತಿ ಗುಟ್ಟಿನ ಮಾತಿದ್ದಾಗ ಇವಳಿಗೆ ಬೆನ್ನು ತಿರುಗಿಸಿ ನಿಲ್ಲುತ್ತಿದ್ದರು. ಗಂಡ ಹೆಂಡಿರ ಮಾತು, ನನಗೇಕೆ ಎಂದು ಕೆಪ್ಪಕ್ಕ ಅದನ್ನು ಮನಸ್ಸಿಗೆ ಹಚ್ಚಿಕೊಂಡವಳಲ್ಲ. ತಾಯಿ ಸತ್ತ ಮೇಲೆ ಆ ತಮ್ಮನನ್ನು ಎತ್ತಿ ಆಡಿಸಿ, ತನ್ನ ಮದುವೆಯ ಮಾತನ್ನೇ ಮರೆತು ಸಾಕಿದವಳು ಅವಳು.

ಆ ತಮ್ಮನೇ ಒಂದು ದಿನ ಎದುರು ಕೂತು, "ಅಕ್ಕಾ, ಆಪರೇಷನ್ ಮಾಡಿಸೋಣ. ಎಷ್ಟು ದಿನ ಹೀಗಿರ್ತೀಯ?" ಎಂದಾಗ ಅವಳಿಗೆ ಅಳುವೇ ಬಂತು. ಡಾಕ್ಟರು ಬಲಗಿವಿಯ ಹಿಂದೆ ಕೊಯ್ದು, ಅಲ್ಲಿಂದಲೇ ತೆಳು ಪೊರೆ ತೆಗೆದು ತಮಟೆಗೆ ತೇಪೆ ಹಾಕಿದರು. ಸವೆದುಹೋಗಿದ್ದ ಪುಟ್ಟ ಎಲುಬಿನ ಜಾಗಕ್ಕೆ ಕೃತಕ ಎಲುಬು ಕೂರಿಸಿದರು. "ಮಗ್ಗದ ಗದ್ದಲಕ್ಕೆ ಮಾತ್ರ ಇನ್ನು ಹೋಗ್ಬೇಡಿ. ಬಂದಿರೋ ಕಿವೀನೂ ಹೋಗುತ್ತೆ" ಎಂದು ಎಚ್ಚರಿಸಿದರು.

ಕೆಲವು ವಾರಗಳ ಮೇಲೆ ಕಿವಿಯ ಹತ್ತಿ ತೆಗೆದರು. ಮನೆಗೆ ಬಂದು ಸೊಪ್ಪು ಬಿಡಿಸುತ್ತ ಕೂತವಳಿಗೆ ಕಡ್ಡಿ ಮುರಿಯುವ ಸದ್ದೂ ಕೇಳಿಸಿ ಮಗುವಿನಂತೆ ಖುಷಿಯಾಯಿತು. ಒಲೆಯ ಬಳಿ ಗಂಡ ಹೆಂಡತಿ ಎಂದಿನಂತೆ ಬೆನ್ನು ತಿರುಗಿಸಿ ನಿಂತರು. ಅಭ್ಯಾಸಬಲ, ಪಾಪ! ಕಿವಿ ಮಾಡಿಸಿದವರೇ ಕಿವಿಯನ್ನು ಮರೆತಿದ್ದರು.

"ಹಾಸಿಗೆ ಹಿಡಿದಿರೋ ನಮ್ಮಮ್ಮ ಕೂಗಿದ್ರೆ ನಿಮ್ಮಕ್ಕನಿಗೆ ಕೇಳಿಸುತ್ತೆ ತಾನೆ?" ಎಂದಳು ತಮ್ಮನ ಹೆಂಡತಿ.

"ಕೇಳಿಸದೇ ಏನು? ಅದಕ್ಕೇ ಅಲ್ವಾ ಆಪರೇಷನ್ ಮಾಡಿಸಿದ್ದು! ಹೇಗೂ ಮಗ್ಗದ ಕೆಲಸ ಹೋಯ್ತು. ನಾಡಿದ್ದು ನಿಮ್ಮಮ್ಮನ ಮನೆಗೆ ಕರ್ಕೊಂಡೋಗಿ ಅಲ್ಲೇ ಬಿಟ್ಟು ಬರ್ತೀನಿ. ಅತ್ತೆಗೆ ಕೆಲಸದವಳು ಬೇಕಾಗಲ್ಲ, ನಮಗೂ ಒಂದು ಕೋಣೆ ಖಾಲಿ ಆಗುತ್ತೆ."

ಉಂಡ ಮನೆಗೆ ಎರಡು ಬಗೆಯುವುದೆಂದರೆ ಇದೇ. ಕೆಪ್ಪಕ್ಕ ಕೈಯಲ್ಲಿದ್ದ ಸೊಪ್ಪನ್ನು ಕೆಳಗಿಟ್ಟಳು. ಕಿವುಡಿಯಾಗಿಯೇ ಇದ್ದಿದ್ದರೆ ಈ ತಮ್ಮ ಸಾಯುವವರೆಗೂ ಅವಳ ಪಾಲಿಗೆ ಚಿನ್ನವಾಗಿರುತ್ತಿದ್ದ.

ಎದ್ದು ಹೋಗಿ ಅವನ ಭುಜ ಹಿಡಿದು ತಿರುಗಿಸಿದಳು. ಮುಖಕ್ಕೆ ಮುಖ ಕೊಟ್ಟು, ಶೆಡ್ಡಿನಲ್ಲಿ ಆಡುವ ಹಾಗೆ, ದನಿಯಿಲ್ಲದೆ ಬರಿ ತುಟಿಯಲ್ಲಿ ಹೇಳಿದಳು: "ನಾನು ಹೋಗಲ್ಲ. ನಿನ್ನ ದನೀನೂ ನಂಗೆ ಬೇಡ."

ತಮ್ಮ ಕಕ್ಕಾಬಿಕ್ಕಿಯಾದ. "ಏನಂದೆ ಅಕ್ಕಾ? ಕೇಳಿಸ್ಲಿಲ್ಲ."

ಮರುದಿನ ಬೆಳಿಗ್ಗೆ ಕೆಪ್ಪಕ್ಕ ಶೆಡ್ಡಿಗೆ ಹೋಗಿ, ಕಿವಿಗೆ ಹತ್ತಿಯನ್ನೂ ಇಟ್ಟುಕೊಳ್ಳದೆ, ತನ್ನ ಮಗ್ಗ ಚಾಲೂ ಮಾಡಿದಳು.